ಕಡತ ಇದ್ದರೆ ಸಾಲದು, ನೋಂದಣಿಯೂ ಬೇಕು

ಶಾಲೆಯ ಗಣಕ ಪ್ರಯೋಗಾಲಯದ ಒಂದು ಯಂತ್ರದಲ್ಲಿ ಅಂಕಪಟ್ಟಿ ಸಿದ್ಧಪಡಿಸುವ ತಂತ್ರಾಂಶ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಅದೇ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಪಕ್ಕದ ಯಂತ್ರಕ್ಕೆ ನಕಲು ಮಾಡಿ ತೆರೆದರೆ ಅದು ಏಳುವುದೇ ಇಲ್ಲ. ಎಂಎಸ್‌ಕಾಮ್‌ಸಿಟಿಎಲ್.ಓಸಿಎಕ್ಸ್ ಎಂಬ ಘಟಕವಾಗಲಿ ಅದು ಅವಲಂಬಿಸಿರುವ ಇನ್ನೊಂದು ಕಡತವಾಗಲಿ ಸರಿಯಾಗಿ ನೋಂದಣಿಯಾಗಿಲ್ಲ ಎಂಬರ್ಥದ ಸಂದೇಶವೊಂದು ಪರದೆಯ ಮೇಲೆ ಮೂಡುತ್ತದೆ. ಆ ಕಡತವನ್ನು ಎಲ್ಲಿಂದಲೋ ಹುಡುಕಿ ತಂದು ವಿಂಡೋಸಿನ ಸಿಸ್ಟಮ್ ಫೋಲ್ಡರಿಗೆ ಹಾಕಿದರೂ ಅದೇ ಸಂದೇಶ ಮರಳಿ ಬರಬಹುದು. ಕಡತ ಕಣ್ಣೆದುರೇ ಇದೆ, ಆದರೂ ಗಣಕಕ್ಕೆ ಅದು ಕಾಣುತ್ತಿಲ್ಲ!

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಯಂತ್ರವನ್ನು ಪೂರ್ತಿ ಅಳಿಸಿ ಮತ್ತೆ ವಿಂಡೋಸ್ ಹಾಕುವುದು ಒಂದು. ಯಾವುದೋ ಅಪರಿಚಿತ ಜಾಲತಾಣದಿಂದ ಕಡತ ಇಳಿಸಿಕೊಂಡು ಅದನ್ನು ಯಂತ್ರಕ್ಕೆ ಸೇರಿಸುವುದು ಇನ್ನೊಂದು. ಮೊದಲನೆಯದರಿಂದ ಒಂದು ದಿನ ವ್ಯರ್ಥ. ಎರಡನೆಯದರಿಂದ ಇಡೀ ಪ್ರಯೋಗಾಲಯಕ್ಕೇ ಅಪಾಯ. ಈ ನೋಂದಣಿ ಎಂದರೇನು, ಅದು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದುಕೊಂಡರೆ ಎರಡೂ ಬೇಕಾಗುವುದಿಲ್ಲ.

ಹಂಚಿಕೊಂಡು ಬಳಸುವ ಕಡತಗಳು

ವಿಂಡೋಸಿನ ಮೊದಲ ಆವೃತ್ತಿ ಹೊರಬಂದದ್ದು 1985ರ ನವೆಂಬರಿನಲ್ಲಿ. ಅದಕ್ಕೆ ಬೇಕಾಗಿದ್ದ ಕನಿಷ್ಠ ಸ್ಮೃತಿ 256 ಕಿಲೋಬೈಟ್. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ತಂತ್ರಾಂಶಗಳನ್ನು ಏಕಕಾಲಕ್ಕೆ ನಡೆಸಬೇಕಿತ್ತು. ಕಿಟಕಿ ಬಿಡಿಸುವುದು, ಅಕ್ಷರ ಮೂಡಿಸುವುದು, ಮುದ್ರಕಕ್ಕೆ ಕಳಿಸುವುದು ಮುಂತಾದ ಕೆಲಸಗಳು ಎಲ್ಲ ತಂತ್ರಾಂಶಗಳಿಗೂ ಬೇಕು. ಪ್ರತಿಯೊಂದೂ ಈ ಸೂಚನೆಗಳ ಸ್ವಂತ ಪ್ರತಿಯನ್ನು ಹೊತ್ತು ತಂದರೆ ಸ್ಮೃತಿ ಕ್ಷಣದಲ್ಲಿ ತುಂಬಿಹೋಗುತ್ತದೆ. ಆದ್ದರಿಂದ ಸಮಾನವಾದ ಕೆಲಸಗಳನ್ನು ಪ್ರತ್ಯೇಕ ಕಡತಗಳಲ್ಲಿ ಇರಿಸಿ, ಬೇಕಾದಾಗ ಬೇಕಾದವರು ಬಳಸಿಕೊಳ್ಳುವ ಏರ್ಪಾಟು ಮಾಡಲಾಯಿತು. ಇವೇ ಡೈನಮಿಕ್ ಲಿಂಕ್ ಲೈಬ್ರರಿಗಳು. ಕಡತದ ಹೆಸರಿನ ಕೊನೆಯಲ್ಲಿ ಬರುವ ಅಕ್ಷರಗಳಿಂದಾಗಿ ಡಿಎಲ್‌ಎಲ್ ಎಂದೇ ಇವು ಪ್ರಸಿದ್ಧ.

ಒಂದು ಉದಾಹರಣೆ ನೋಡೋಣ. ನೋಟ್‌ಪ್ಯಾಡ್ ಇರಲಿ, ಚಿತ್ರ ಬಿಡಿಸುವ ತಂತ್ರಾಂಶವಿರಲಿ, ಕಡತ ತೆರೆಯಲು ಹೊರಟಾಗ ಕಾಣುವ ಕಿಟಕಿ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ಆ ಕಿಟಕಿಯನ್ನು ಆಯಾ ತಂತ್ರಾಂಶ ಬರೆದವರು ರಚಿಸಿದ್ದಲ್ಲ. ಅದು ವಿಂಡೋಸಿನ ಹಂಚಿಕೆಯ ಕಡತವೊಂದರಿಂದ ಬರುತ್ತದೆ. ಇದರಿಂದ ಸ್ಮೃತಿ ಮತ್ತು ಡಿಸ್ಕಿನ ಜಾಗ ಉಳಿಯುತ್ತದೆ. ಹಂಚಿಕೆಯ ಕಡತದಲ್ಲಿ ಒಂದು ದೋಷ ತಿದ್ದಿದರೆ ಅದನ್ನು ಬಳಸುವ ಎಲ್ಲ ತಂತ್ರಾಂಶಗಳೂ ತಿದ್ದಿದಂತೆ. ಈ ಅನುಕೂಲವೇ ಮುಂದೆ ತೊಡಕಿನ ಮೂಲವೂ ಆಯಿತು ಎಂಬುದನ್ನು ಆಮೇಲೆ ನೋಡೋಣ.

ಪುಸ್ತಕ ಮತ್ತು ಸೂಚೀಪತ್ರ

ಎಲ್ಲ ಡಿಎಲ್‌ಎಲ್‌ಗಳನ್ನೂ ನೋಂದಾಯಿಸಬೇಕಾಗಿಲ್ಲ ಎಂಬುದನ್ನು ಮೊದಲೇ ಗಮನಿಸಬೇಕು. ತಂತ್ರಾಂಶವು ಒಂದು ಡಿಎಲ್‌ಎಲ್ಲನ್ನು ಕಡತದ ಹೆಸರು ಹಿಡಿದೇ ಕೇಳುವುದುಂಟು. ಆಗ ವಿಂಡೋಸ್ ಅದನ್ನು ಮುಖ್ಯವಾಗಿ ತಂತ್ರಾಂಶದ ಸ್ವಂತ ಫೋಲ್ಡರಿನಲ್ಲಿ, ಬಳಿಕ ಸಿಸ್ಟಮ್ ಫೋಲ್ಡರುಗಳಲ್ಲಿ ಹುಡುಕುತ್ತದೆ. ಇದಕ್ಕೆ ನೋಂದಣಿ ಬೇಡ, ಕಡತ ಸರಿಯಾದ ಜಾಗದಲ್ಲಿದ್ದರೆ ಸಾಕು.

ನೋಂದಣಿಯ ಅಗತ್ಯ ಬಂದದ್ದು ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್, ಅಂದರೆ ಕಾಮ್ ಎಂಬ ಏರ್ಪಾಟಿನಿಂದ. ಮೈಕ್ರೋಸಾಫ್ಟ್ 1993ರಲ್ಲಿ ಇದನ್ನು ಬಳಕೆಗೆ ತಂದಿತು. ವರ್ಡ್ ದಾಖಲೆಯೊಳಗೆ ಎಕ್ಸೆಲ್ ಕೋಷ್ಟಕವನ್ನು ಕೂರಿಸುವುದು, ಒಬ್ಬರು ಸಿ++ ಭಾಷೆಯಲ್ಲಿ ಬರೆದ ಘಟಕವನ್ನು ಇನ್ನೊಬ್ಬರು ವಿಶುಯಲ್ ಬೇಸಿಕ್‌ನಲ್ಲಿ ಬಳಸುವುದು, ಇಂಥ ಕೆಲಸಗಳು ಇದರ ಗುರಿ. ಇಲ್ಲಿ ತಂತ್ರಾಂಶವು 'ಇಂಥ ಕಡತ ಕೊಡು' ಎಂದು ಕೇಳುವುದಿಲ್ಲ, 'ಇಂಥ ಕೆಲಸ ಮಾಡುವ ಘಟಕ ಕೊಡು' ಎಂದು ಕೇಳುತ್ತದೆ. ಆ ಘಟಕ ಯಾವ ಕಡತದಲ್ಲಿದೆ, ಆ ಕಡತ ಎಲ್ಲಿದೆ ಎಂಬುದನ್ನು ವಿಂಡೋಸ್ ಪತ್ತೆಹಚ್ಚಬೇಕು.

ದೊಡ್ಡ ಗ್ರಂಥಾಲಯವನ್ನು ನೆನಪಿಸಿಕೊಳ್ಳಿ. ಹೊಸ ಪುಸ್ತಕವನ್ನು ಯಾರೋ ತಂದು ಕಪಾಟಿನಲ್ಲಿ ಇಟ್ಟುಬಿಟ್ಟರೆ ಅದು ಓದುಗರಿಗೆ ಸಿಗುವುದಿಲ್ಲ. ಅದಕ್ಕೊಂದು ಸಂಖ್ಯೆ ಕೊಟ್ಟು, ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಸೂಚೀಪತ್ರದಲ್ಲಿ ಬರೆದಾಗ ಮಾತ್ರ ಅದು ಗ್ರಂಥಾಲಯಕ್ಕೆ ಸೇರಿದಂತೆ. ಘಟಕದ ಕಡತವೇ ಪುಸ್ತಕ, ರಿಜಿಸ್ಟ್ರಿ ಎಂಬ ದತ್ತಸಂಗ್ರಹವೇ ಸೂಚೀಪತ್ರ, ಅದರಲ್ಲಿ ನಮೂದು ಮಾಡುವುದೇ ನೋಂದಣಿ.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಇದರ ಹತ್ತಿರದ ಬಂಧು ಪರಿಚಿತವೇ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅಕ್ಷರಶೈಲಿಯ ಕಡತವನ್ನು ಎಕ್ಸ್‌ಪ್ಲೋರರ್ ಮೂಲಕ ಫಾಂಟ್ಸ್ ಫೋಲ್ಡರಿಗೆ ಎಳೆದು ಹಾಕಿದಾಗ ವಿಂಡೋಸ್ ಅದನ್ನು ನಕಲು ಮಾಡುವುದಷ್ಟೇ ಅಲ್ಲ, ರಿಜಿಸ್ಟ್ರಿಯಲ್ಲಿ ಅದರ ಹೆಸರನ್ನೂ ಬರೆಯುತ್ತದೆ. ಆದೇಶದ ಕಿಟಕಿಯಿಂದ ಬರೀ ನಕಲು ಮಾಡಿದರೆ ಈ ಎರಡನೆಯ ಕೆಲಸ ಆಗುವುದಿಲ್ಲ.

ಒಂದೇ ಹೆಸರು ಇಬ್ಬರಿಗೆ ಬೇಡ

ಘಟಕಗಳನ್ನು ಜಗತ್ತಿನ ಯಾರು ಬೇಕಾದರೂ ಬರೆಯಬಹುದು. ಇಬ್ಬರು ತಮ್ಮ ಘಟಕಕ್ಕೆ 'ಕ್ಯಾಲೆಂಡರ್' ಎಂದೇ ಹೆಸರಿಟ್ಟರೆ ಗತಿಯೇನು? ಈ ಗೊಂದಲ ತಪ್ಪಿಸಲು ಪ್ರತಿ ಘಟಕಕ್ಕೂ 128 ಬಿಟ್‌ಗಳ ಗುರುತುಸಂಖ್ಯೆ ಕೊಡುತ್ತಾರೆ. ಇದನ್ನು ಷೋಡಶಮಾನ ಪದ್ಧತಿಯಲ್ಲಿ 32 ಅಂಕಿಗಳಾಗಿ, 8-4-4-4-12 ಎಂದು ಗುಂಪು ಮಾಡಿ, ಪುಷ್ಪಾವರಣದೊಳಗೆ ಬರೆಯುವುದು ವಾಡಿಕೆ. 128 ಬಿಟ್‌ಗಳಲ್ಲಿ 2ರ 128ನೆಯ ಘಾತದಷ್ಟು, ಅಂದರೆ ಸುಮಾರು 34ರ ಮುಂದೆ 37 ಸೊನ್ನೆ ಹಾಕಿದಷ್ಟು ಸಂಖ್ಯೆಗಳು ಸಾಧ್ಯ. ಇಷ್ಟು ಸಂಖ್ಯೆಗಳಲ್ಲಿ ಇಬ್ಬರಿಗೆ ಆಕಸ್ಮಿಕವಾಗಿ ಒಂದೇ ಸಂಖ್ಯೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಸಂಖ್ಯೆ ಹಂಚಲು ಯಾವ ಕೇಂದ್ರ ಕಚೇರಿಯೂ ಬೇಡ. ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲೇ ಅದನ್ನು ಸೃಷ್ಟಿಸಿಕೊಳ್ಳಬಹುದು.

ಮನುಷ್ಯರಿಗೆ ಇಷ್ಟುದ್ದದ ಸಂಖ್ಯೆ ನೆನಪಿಡುವುದು ಕಷ್ಟ. ಅದಕ್ಕಾಗಿ ಸುಲಭವಾದ ಹೆಸರೂ ಇರುತ್ತದೆ, ಉದಾಹರಣೆಗೆ 'ಎಕ್ಸೆಲ್.ಅಪ್ಲಿಕೇಶನ್'. ತಂತ್ರಾಂಶವೊಂದು ಘಟಕವನ್ನು ಕೇಳಿದಾಗ ನಡೆಯುವ ಸರಣಿ ಹೀಗಿದೆ:

1. ಸುಲಭದ ಹೆಸರನ್ನು ರಿಜಿಸ್ಟ್ರಿಯಲ್ಲಿ ಹುಡುಕಿ, ಅದಕ್ಕೆ ಸೇರಿದ 128 ಬಿಟ್ ಸಂಖ್ಯೆಯನ್ನು ವಿಂಡೋಸ್ ಓದುತ್ತದೆ.
2. ಆ ಸಂಖ್ಯೆಯ ಕೀಲಿಯಡಿ ಇನ್‌ಪ್ರೋಕ್‌ಸರ್ವರ್32 ಎಂಬ ಉಪಕೀಲಿಯನ್ನು ನೋಡುತ್ತದೆ. ಅಲ್ಲಿ ಕಡತದ ವಿಳಾಸ ಇರುತ್ತದೆ.
3. ಆ ವಿಳಾಸದಲ್ಲಿರುವ ಕಡತವನ್ನು ಸ್ಮೃತಿಗೆ ತರುತ್ತದೆ.
4. ಕಡತದೊಳಗಿನ ನಿಗದಿತ ಉಪಕ್ರಮವೊಂದನ್ನು ಕರೆದು, ಘಟಕವನ್ನು ಸೃಷ್ಟಿಸಿ, ಕೇಳಿದ ತಂತ್ರಾಂಶಕ್ಕೆ ಒಪ್ಪಿಸುತ್ತದೆ.

ಈ ನಾಲ್ಕು ಹೆಜ್ಜೆಗಳಲ್ಲಿ ಯಾವುದು ತಪ್ಪಿದರೂ ಘಟಕ ಸಿಗದು. ನಮೂದೇ ಇಲ್ಲದಿದ್ದರೆ ಸರಣಿ ಮೊದಲಲ್ಲೇ ನಿಲ್ಲುತ್ತದೆ. ನಮೂದಿದ್ದು, ಆಮೇಲೆ ಯಾರೋ ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದ್ದರೆ ಮೂರನೆಯ ಹೆಜ್ಜೆಯಲ್ಲಿ ನಿಲ್ಲುತ್ತದೆ. ಪುಸ್ತಕವನ್ನು ಕಪಾಟು ಬದಲಿಸಿ ಇಟ್ಟು ಸೂಚೀಪತ್ರ ತಿದ್ದದೆ ಬಿಟ್ಟಂತೆ.

ನೋಂದಣಿ ನಡೆಯುವ ಬಗೆ

ರಿಜಿಸ್ಟ್ರಿಯಲ್ಲಿ ಈ ನಮೂದುಗಳನ್ನು ಬರೆಯುವವರು ಯಾರು? ಬಹಳಷ್ಟು ಘಟಕಗಳಲ್ಲಿ ಸ್ವತಃ ಆ ಘಟಕವೇ! ಡಿಎಲ್‌ಎಲ್ ಅಥವಾ ಓಸಿಎಕ್ಸ್ ಕಡತವನ್ನು ಬರೆಯುವವರು ಅದರೊಳಗೆ ಡಿಎಲ್‌ಎಲ್‌ರಿಜಿಸ್ಟರ್‌ಸರ್ವರ್ ಎಂಬ ಹೆಸರಿನ ಉಪಕ್ರಮವನ್ನು ಸೇರಿಸಿರುತ್ತಾರೆ. ತನ್ನ ಸಂಖ್ಯೆ ಏನು, ಹೆಸರೇನು, ತಾನು ಎಲ್ಲಿದ್ದೇನೆ ಎಂಬುದನ್ನು ಅದು ರಿಜಿಸ್ಟ್ರಿಯಲ್ಲಿ ಬರೆಯುತ್ತದೆ. ನಮೂದುಗಳನ್ನು ಅಳಿಸಲು ಇದರ ಜೋಡಿ ಉಪಕ್ರಮವೂ ಇರುತ್ತದೆ.

ವಿಂಡೋಸಿನೊಡನೆ ಬರುವ ರೆಗ್‌ಎಸ್‌ವಿಆರ್32 ಎಂಬ ಪುಟ್ಟ ಸಾಧನದ ಕೆಲಸ ಈ ಉಪಕ್ರಮವನ್ನು ಎಬ್ಬಿಸುವುದಷ್ಟೇ. ಆದೇಶದ ಕಿಟಕಿಯಲ್ಲಿ ಇದರ ಹೆಸರು, ಮುಂದೆ ಕಡತದ ಪೂರ್ಣ ವಿಳಾಸ ಬರೆದು ಎಂಟರ್ ಒತ್ತಿದರೆ ಅದು ಕಡತವನ್ನು ಸ್ಮೃತಿಗೆ ತಂದು, ನೋಂದಣಿಯ ಉಪಕ್ರಮವನ್ನು ಹುಡುಕಿ, ನಡೆಸಿ, ಫಲಿತಾಂಶ ತಿಳಿಸುತ್ತದೆ. ನಡುವೆ ಓರೆಗೆರೆ ಮತ್ತು 'ಯು' ಅಕ್ಷರ ಸೇರಿಸಿದರೆ ನೋಂದಣಿ ರದ್ದಾಗುತ್ತದೆ. 'ಎಸ್' ಅಕ್ಷರ ಸೇರಿಸಿದರೆ ಸಂದೇಶ ತೋರಿಸದೆ ಮೌನವಾಗಿ ಕೆಲಸ ಮುಗಿಸುತ್ತದೆ.

ಈ ವಿವರಣೆಯಿಂದ ಮೂರು ಸಂಗತಿಗಳು ಹೊರಡುತ್ತವೆ.

ಮೊದಲನೆಯದು, ಅನುಕ್ರಮ. ಕಡತ ಸ್ಮೃತಿಗೆ ಬಂದರೆ ತಾನೇ ಅದರೊಳಗಿನ ಉಪಕ್ರಮ ನಡೆಯುವುದು? ಆ ಕಡತ ಬೇರೆ ಡಿಎಲ್‌ಎಲ್‌ಗಳನ್ನು ಅವಲಂಬಿಸಿದ್ದರೆ ಅವು ಮೊದಲೇ ಯಂತ್ರದಲ್ಲಿ ಇರಬೇಕು. ಇಲ್ಲವಾದರೆ ನೋಂದಣಿ ವಿಫಲವಾಗುತ್ತದೆ, ಸಂದೇಶದಲ್ಲಿ ಮಾತ್ರ ನೀವು ಕೊಟ್ಟ ಕಡತದ ಹೆಸರೇ ಕಾಣುತ್ತದೆ. ಕಾಣೆಯಾಗಿರುವುದು ಇನ್ನೊಂದು ಎಂಬುದು ಹೊಳೆಯದೆ ಅನೇಕರು ದಾರಿ ತಪ್ಪುತ್ತಾರೆ.

ಎರಡನೆಯದು, ಅಧಿಕಾರ. ಎಲ್ಲ ಬಳಕೆದಾರರಿಗೂ ಅನ್ವಯಿಸುವ ನಮೂದುಗಳನ್ನು ಬರೆಯುವ ಹಕ್ಕು ನಿರ್ವಾಹಕರಿಗೆ ಮಾತ್ರ. ವಿಂಡೋಸ್ ವಿಸ್ಟಾದಿಂದ ಈಚೆಗೆ, ನಿರ್ವಾಹಕರ ಖಾತೆಯಲ್ಲಿದ್ದರೂ ಆದೇಶದ ಕಿಟಕಿಯನ್ನು 'ನಿರ್ವಾಹಕನಾಗಿ ನಡೆಸು' ಎಂದು ತೆರೆಯದಿದ್ದರೆ ಸಾಮಾನ್ಯವಾಗಿ ಆ ಹಕ್ಕು ಸಿಗುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನೋಂದಣಿ ಎಂದರೆ ಹೆಸರು ಬರೆದುಕೊಳ್ಳುವ ಗುಮಾಸ್ತಿಕೆಯಲ್ಲ. ಆ ಕಡತದೊಳಗಿನ ಸೂಚನೆಗಳನ್ನು, ಅದೂ ನಿರ್ವಾಹಕರ ಪೂರ್ಣ ಅಧಿಕಾರದೊಂದಿಗೆ, ನಡೆಸುವ ಕ್ರಿಯೆ. ಅಪರಿಚಿತ ತಾಣದಿಂದ ಇಳಿಸಿಕೊಂಡ ಡಿಎಲ್‌ಎಲ್ಲನ್ನು ನೋಂದಾಯಿಸುವುದೆಂದರೆ ಅಪರಿಚಿತನ ಕೈಗೆ ಯಂತ್ರದ ಬೀಗದ ಕೈ ಕೊಟ್ಟಂತೆ. ರೆಗ್‌ಎಸ್‌ವಿಆರ್32 ಸಾಧನವನ್ನೇ ಬಳಸಿ ದೂರದ ತಾಣದಲ್ಲಿರುವ ಸೂಚನೆಗಳನ್ನು ನಡೆಸಿ, ತಂತ್ರಾಂಶಗಳ ಮೇಲಿನ ನಿರ್ಬಂಧವನ್ನು ದಾಟಬಹುದೆಂದು 2016ರಲ್ಲಿ ಬಹಿರಂಗವಾಯಿತು. ದಾಳಿಕೋರರು ಆ ಉಪಾಯವನ್ನು ಬಳಸಿಕೊಂಡರು ಕೂಡ.

ಅನುಸ್ಥಾಪಕ ಮಾಡುವ ಕೆಲಸಗಳು

ಈಗ ತಂತ್ರಾಂಶದ ಜೊತೆ 'ಸೆಟಪ್' ಏಕೆ ಬರುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಫೋಲ್ಡರ್ ನಕಲು ಮಾಡುವುದು ಅದರ ಕೆಲಸದ ಒಂದು ಭಾಗ ಮಾತ್ರ. ಒಳ್ಳೆಯ ಅನುಸ್ಥಾಪಕವು ಮೊದಲು ವಿಂಡೋಸಿನ ಆವೃತ್ತಿಯನ್ನೂ ಬಳಕೆದಾರರ ಅಧಿಕಾರವನ್ನೂ ಪರೀಕ್ಷಿಸುತ್ತದೆ. ಡಾಟ್‌ನೆಟ್ ಫ್ರೇಮ್‌ವರ್ಕ್, ವಿಶುಯಲ್ ಸಿ++ ಮುಂತಾದ ಪೂರ್ವಸಿದ್ಧತೆಗಳು ಇವೆಯೇ ಎಂದು ನೋಡುತ್ತದೆ. ಬಳಿಕ ಹಂಚಿಕೆಯ ಪ್ರತಿ ಕಡತದ ಆವೃತ್ತಿ ಸಂಖ್ಯೆಯನ್ನು ಹೋಲಿಸುತ್ತದೆ. ಯಂತ್ರದಲ್ಲಿ ಇರುವುದೇ ಹೊಸದಾಗಿದ್ದರೆ ಅದನ್ನು ಮುಟ್ಟುವುದಿಲ್ಲ.

ಆವೃತ್ತಿ ಸಂಖ್ಯೆಯನ್ನು ದಶಮಾಂಶದಂತೆ ಓದಬಾರದು. 6.9ಕ್ಕಿಂತ 6.10 ಹೊಸದು. ಚುಕ್ಕಿಯ ನಂತರದ ಭಾಗ ಇಲ್ಲಿ ಒಂಬತ್ತು ಮತ್ತು ಹತ್ತು. ಗಣಿತದ ಪಾಠ ಕಲಿತ ಮಕ್ಕಳು ಇಲ್ಲಿ ಎಡವುವುದು ಸಹಜ.

ಕಡತಗಳೆಲ್ಲ ತಮ್ಮ ಜಾಗ ಸೇರಿದ ಮೇಲೆ ನೋಂದಣಿ. ಬದಲಿಸಬೇಕಾದ ಕಡತವನ್ನು ಆ ಹೊತ್ತಿನಲ್ಲಿ ಬೇರೊಂದು ತಂತ್ರಾಂಶ ಬಳಸುತ್ತಿದ್ದರೆ, ಮುಂದಿನ ಬಾರಿ ಯಂತ್ರ ಏಳುವಾಗ ಬದಲಿಸುವಂತೆ ಟಿಪ್ಪಣಿ ಬರೆದಿಡುತ್ತದೆ. ಅನುಸ್ಥಾಪನೆಯ ಕೊನೆಗೆ ಯಂತ್ರವನ್ನು ಮತ್ತೆ ಆರಂಭಿಸಿ ಎಂದು ಕೇಳುವುದರ ಒಂದು ಕಾರಣ ಇದೇ. ಹಂಚಿಕೆಯ ಕಡತವನ್ನು ಎಷ್ಟು ತಂತ್ರಾಂಶಗಳು ಬಳಸುತ್ತಿವೆ ಎಂಬ ಎಣಿಕೆಯೂ ರಿಜಿಸ್ಟ್ರಿಯಲ್ಲಿ ಇರುತ್ತದೆ. ಹೊಸ ತಂತ್ರಾಂಶ ಬಂದಾಗ ಎಣಿಕೆ ಒಂದು ಏರುತ್ತದೆ, ಒಂದನ್ನು ತೆಗೆದಾಗ ಇಳಿಯುತ್ತದೆ. ಸೊನ್ನೆಗೆ ಬಂದಾಗ ಮಾತ್ರ ಕಡತವನ್ನು ಅಳಿಸಬಹುದು. ತಂತ್ರಾಂಶವನ್ನು ಸರಿಯಾದ ಕ್ರಮದಲ್ಲಿ ತೆಗೆಯದೆ ಫೋಲ್ಡರನ್ನೇ ಅಳಿಸಿದರೆ ಈ ಲೆಕ್ಕ ತಪ್ಪುತ್ತದೆ.

1999ರಲ್ಲಿ ಆಫೀಸ್ 2000ದ ಜೊತೆ ಬಂದ ವಿಂಡೋಸ್ ಇನ್‌ಸ್ಟಾಲರ್ ಈ ಕೆಲಸಕ್ಕೆ ಒಂದು ಶಿಸ್ತು ತಂದಿತು. ಅದರ ಎಂಎಸ್‌ಐ ಕಡತ ವಾಸ್ತವದಲ್ಲಿ ಒಂದು ದತ್ತಸಂಗ್ರಹ. ಯಾವ ಕಡತ ಎಲ್ಲಿಗೆ ಹೋಗಬೇಕು, ಯಾವ ನಮೂದು ಬೇಕು ಎಂಬುದೆಲ್ಲ ಕೋಷ್ಟಕಗಳಲ್ಲಿ ಇರುತ್ತದೆ. ನಡುವೆ ಏನಾದರೂ ವಿಫಲವಾದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಘಟಕವೇ ತನ್ನ ನೋಂದಣಿ ಮಾಡಿಕೊಂಡರೆ ಅದು ಏನು ಬರೆಯಿತೆಂದು ಅನುಸ್ಥಾಪಕಕ್ಕೆ ತಿಳಿಯದು. ತಿಳಿಯದ್ದನ್ನು ಹಿಂದಕ್ಕೆ ತಿರುಗಿಸುವುದು ಹೇಗೆ? ಆದ್ದರಿಂದ ಸ್ವಯಂ ನೋಂದಣಿಯನ್ನು ಬಿಟ್ಟು, ಬೇಕಾದ ನಮೂದುಗಳನ್ನು ಕೋಷ್ಟಕದಲ್ಲೇ ಕೊಡಿ ಎಂದು ಮೈಕ್ರೋಸಾಫ್ಟ್ ತಂತ್ರಾಂಶಕಾರರಿಗೆ ಸಲಹೆ ಮಾಡಿತು.

'ಡಿಎಲ್‌ಎಲ್ ನರಕ'

1990ರ ದಶಕದಲ್ಲಿ ಎಲ್ಲ ಅನುಸ್ಥಾಪಕಗಳೂ ಇಷ್ಟು ಶಿಸ್ತಾಗಿರಲಿಲ್ಲ. 'ಅ' ಎಂಬ ತಂತ್ರಾಂಶ ಒಂದು ಹಂಚಿಕೆಯ ಕಡತದ ಹೊಸ ಆವೃತ್ತಿಯನ್ನು ತಂದು ಹಾಕುತ್ತದೆ. ಆಮೇಲೆ ಬಂದ 'ಬ' ಆವೃತ್ತಿಯನ್ನು ನೋಡದೆ ಅದರ ಮೇಲೆ ಹಳೆಯದನ್ನು ಬರೆಯುತ್ತದೆ. 'ಬ' ಚೆನ್ನಾಗಿದೆ, 'ಅ' ಸತ್ತುಹೋಯಿತು. ಬಳಕೆದಾರ 'ಅ' ತಂತ್ರಾಂಶವನ್ನು ಮತ್ತೆ ಅನುಸ್ಥಾಪಿಸುತ್ತಾನೆ, ಈಗ 'ಬ' ಕೆಡುತ್ತದೆ. ಈ ಪಾಡಿಗೆ ತಂತ್ರಾಂಶಕಾರರು 'ಡಿಎಲ್‌ಎಲ್ ನರಕ' ಎಂದೇ ಹೆಸರಿಟ್ಟರು.

ಪರಿಹಾರಗಳು ಒಂದೊಂದಾಗಿ ಬಂದವು. ವಿಂಡೋಸ್ 2000ದಲ್ಲಿ ವ್ಯವಸ್ಥೆಯ ಮುಖ್ಯ ಕಡತಗಳಿಗೆ ಕಾವಲು ಏರ್ಪಟ್ಟಿತು. ಯಾರಾದರೂ ಅವನ್ನು ಬದಲಿಸಿದರೆ ವಿಂಡೋಸ್ ತನ್ನ ಬಳಿಯ ಪ್ರತಿಯಿಂದ ಮರಳಿ ತುಂಬುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಘಟಕದ ಹಲವು ಆವೃತ್ತಿಗಳು ಅಕ್ಕಪಕ್ಕದಲ್ಲಿ ಇರಬಲ್ಲ ವ್ಯವಸ್ಥೆ ಬಂತು. ಅದರ ಜೊತೆಗೆ ನೋಂದಣಿಯನ್ನೇ ಬೇಡದ ದಾರಿಯೂ ತೆರೆಯಿತು. ಯಾವ ಘಟಕ ಯಾವ ಕಡತದಲ್ಲಿದೆ ಎಂಬ ವಿವರವನ್ನು ರಿಜಿಸ್ಟ್ರಿಯ ಬದಲು ತಂತ್ರಾಂಶದ ಪಕ್ಕದಲ್ಲೇ 'ಮ್ಯಾನಿಫೆಸ್ಟ್' ಎಂಬ ಎಕ್ಸ್‌ಎಂಎಲ್ ಪಠ್ಯದಲ್ಲಿ ಇರಿಸುವ ವಿಧಾನ ಇದು. ಇದನ್ನು ಬಳಸಿದ ತಂತ್ರಾಂಶವನ್ನು ಫೋಲ್ಡರ್ ಸಮೇತ ನಕಲು ಮಾಡಿದರೂ ನಡೆಯುತ್ತದೆ.

2002ರಲ್ಲಿ ಬಂದ ಡಾಟ್‌ನೆಟ್ ಘಟಕದ ಹೆಸರಿಗೆ ಆವೃತ್ತಿಯನ್ನೂ ಪ್ರಕಾಶಕರ ಗೂಢಲಿಪಿ ಕೀಲಿಯ ಗುರುತನ್ನೂ ಸೇರಿಸಿತು. ಹಂಚಿಕೆಗೆ ಬೇರೆಯೇ ಉಗ್ರಾಣವನ್ನು ಮಾಡಿತು. 2016ರಲ್ಲಿ ಹೊರಬಂದ ಡಾಟ್‌ನೆಟ್ ಕೋರ್ ಆ ಉಗ್ರಾಣವನ್ನೂ ಕೈಬಿಟ್ಟು, ತಂತ್ರಾಂಶ ತನಗೆ ಬೇಕಾದ ಘಟಕಗಳನ್ನು ತನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳುವ ಕಡೆಗೆ ತಿರುಗಿತು.

ಹಂಚಿಕೆಯೋ, ಸ್ವಂತ ಪ್ರತಿಯೋ?

ಡಿಸ್ಕು ಅಗ್ಗವಾಗಿರುವಾಗ ಎಲ್ಲರೂ ಸ್ವಂತ ಪ್ರತಿ ಇಟ್ಟುಕೊಂಡರೆ ನೋಂದಣಿಯ ರಗಳೆಯೇ ಇಲ್ಲವಲ್ಲ ಎಂದು ಕೇಳಬಹುದು. ಇದಕ್ಕೆ ಉತ್ತರ ಎರಡು ನೈಜ ಘಟನೆಗಳಲ್ಲಿದೆ.

2004ರ ಸೆಪ್ಟೆಂಬರಿನಲ್ಲಿ, ಜೆಪೆಗ್ ಚಿತ್ರಗಳನ್ನು ಸಂಸ್ಕರಿಸುವ ಜಿಡಿಐ ಪ್ಲಸ್ ಎಂಬ ಘಟಕದಲ್ಲಿ ಗಂಭೀರ ದೋಷವಿದೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಕುತಂತ್ರದಿಂದ ರೂಪಿಸಿದ ಚಿತ್ರವೊಂದನ್ನು ನೋಡಿದರೂ ಸಾಕು, ಯಂತ್ರ ಪರರ ವಶವಾಗಬಹುದಿತ್ತು. ವಿಂಡೋಸಿನಲ್ಲಿದ್ದ ಪ್ರತಿಯನ್ನು ತಿದ್ದುವುದು ಸುಲಭ. ಆದರೆ ಅನೇಕ ತಂತ್ರಾಂಶಗಳು ಆ ಡಿಎಲ್‌ಎಲ್‌ನ ಸ್ವಂತ ಪ್ರತಿಗಳನ್ನು ತಮ್ಮ ಫೋಲ್ಡರುಗಳಲ್ಲಿ ಇಟ್ಟುಕೊಂಡಿದ್ದವು. ಅವಕ್ಕೆಲ್ಲ ವಿಂಡೋಸಿನ ತಿದ್ದುಪಡಿ ತಲುಪಲಿಲ್ಲ. ಒಂದೊಂದನ್ನೂ ಹುಡುಕಿ ಬದಲಿಸಬೇಕಾಯಿತು.

ಇನ್ನೊಂದು ಘಟನೆ 2012ರ ಏಪ್ರಿಲಿನದು. ಲೇಖನದ ಆರಂಭದಲ್ಲಿ ಹೇಳಿದ ಎಂಎಸ್‌ಕಾಮ್‌ಸಿಟಿಎಲ್.ಓಸಿಎಕ್ಸ್ ಘಟಕದಲ್ಲೇ ದೋಷ ಸಿಕ್ಕಿತು. ಇಮೇಲಿನಲ್ಲಿ ಬಂದ ದಾಖಲೆಯನ್ನು ತೆರೆದೊಡನೆ ದಾಳಿ ನಡೆಯುವಂಥ ದೋಷ ಅದು. ದಾಳಿಕೋರರು ಅದನ್ನು ವರ್ಷಗಳ ಕಾಲ ಬಳಸಿಕೊಂಡರು. ಇಲ್ಲಿ ಘಟಕ ಹಂಚಿಕೆಯದ್ದಾದ್ದರಿಂದ ಒಂದು ತಿದ್ದುಪಡಿಯಿಂದ ಅದನ್ನು ಬಳಸುವ ತಂತ್ರಾಂಶಗಳೆಲ್ಲ ಸುರಕ್ಷಿತವಾಗಬಲ್ಲವು. ಆದರೆ ಹಳೆಯ ಸಿ.ಡಿ.ಯಿಂದ ಆ ಕಡತದ ಹಿಂದಿನ ಆವೃತ್ತಿಯನ್ನು ತಂದು ಹೊಸದರ ಮೇಲೆ ಬರೆದು ನೋಂದಾಯಿಸಿದವರು, ಮುಚ್ಚಿದ ಬಾಗಿಲನ್ನು ತಾವೇ ತೆರೆದಂತಾಗುತ್ತದೆ.

ಹಂಚಿಕೆಯಲ್ಲಿ ಒಬ್ಬರು ಮಾಡಿದ ಬದಲಾವಣೆ ಎಲ್ಲರಿಗೂ ತಟ್ಟುತ್ತದೆ, ತಿದ್ದುಪಡಿಯೂ ಎಲ್ಲರಿಗೂ ತಲುಪುತ್ತದೆ. ಸ್ವಂತ ಪ್ರತಿಯಲ್ಲಿ ಇತರರ ಕಾಟವಿಲ್ಲ, ಆದರೆ ತಿದ್ದುವ ಹೊಣೆ ತಂತ್ರಾಂಶ ಬರೆದವರದೇ. ಅವರು ಕೈಬಿಟ್ಟ ತಂತ್ರಾಂಶ ದೋಷಸಹಿತವಾಗಿಯೇ ಉಳಿಯುತ್ತದೆ. ಎರಡರಲ್ಲಿ ಯಾವುದೂ ಸರ್ವಕಾಲಕ್ಕೂ ಸರಿಯಲ್ಲ.

32 ಮತ್ತು 64 ಬಿಟ್‌ಗಳ ತೊಡಕು

ಇಂದಿನ ಪ್ರಯೋಗಾಲಯಗಳಲ್ಲಿ ಕಾಣುವ ಹೊಸ ಬಗೆಯ ತೊಂದರೆ ಇದು. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ತಂತ್ರಾಂಶಗಳು ನಡೆಯುತ್ತವೆ. ಆದರೆ 64 ಬಿಟ್ ತಂತ್ರಾಂಶವೊಂದು 32 ಬಿಟ್ ಡಿಎಲ್‌ಎಲ್ಲನ್ನು ತನ್ನೊಳಗೆ ತಂದುಕೊಳ್ಳಲಾರದು, 32 ಬಿಟ್ ತಂತ್ರಾಂಶ 64 ಬಿಟ್ ಡಿಎಲ್‌ಎಲ್ಲನ್ನೂ ತಂದುಕೊಳ್ಳಲಾರದು. ಆದ್ದರಿಂದ ಕಡತಗಳಿಗೂ ರಿಜಿಸ್ಟ್ರಿಯ ನಮೂದುಗಳಿಗೂ ಎರಡು ಪ್ರತ್ಯೇಕ ಪಾಳಿಗಳಿವೆ. ಹೆಸರುಗಳು ಮಾತ್ರ ತಲೆ ತಿರುಗಿಸುವಂತಿವೆ. ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದು 64 ಬಿಟ್ ಕಡತಗಳು, ಸಿಸ್‌ವಾವ್64 ಫೋಲ್ಡರಿನಲ್ಲಿ ಇರುವುದು 32 ಬಿಟ್ ಕಡತಗಳು! ಹಳೆಯ ತಂತ್ರಾಂಶಗಳು ಕೆಡದಿರಲೆಂದು ಸಿಸ್ಟಮ್32 ಎಂಬ ಹೆಸರನ್ನು ಬದಲಿಸದೆ ಉಳಿಸಿಕೊಂಡದ್ದರ ಫಲ ಇದು. ರೆಗ್‌ಎಸ್‌ವಿಆರ್32 ಸಾಧನವೂ ಎರಡೂ ಫೋಲ್ಡರುಗಳಲ್ಲಿ ಒಂದೊಂದು ಇದೆ.

ಘಟಕ 32 ಬಿಟ್ ಪಾಳಿಯಲ್ಲಿ ಸರಿಯಾಗಿ ನೋಂದಣಿಯಾಗಿದ್ದರೂ 64 ಬಿಟ್ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ಹಳೆಯ ಆಕ್ಸೆಸ್ ದತ್ತಸಂಗ್ರಹಗಳನ್ನು ಓದುವ ಜೆಟ್ 4.0 ಸಂಪರ್ಕ ಘಟಕ 32 ಬಿಟ್‌ನಲ್ಲಿ ಮಾತ್ರ ಲಭ್ಯ. ಅದನ್ನು 64 ಬಿಟ್ ತಂತ್ರಾಂಶದಿಂದ ಕರೆದರೆ 'ಈ ಯಂತ್ರದಲ್ಲಿ ನೋಂದಣಿಯಾಗಿಲ್ಲ' ಎಂಬ ಉತ್ತರ ಬರುತ್ತದೆ. ಎಷ್ಟು ಬಾರಿ ನೋಂದಾಯಿಸಿದರೂ ಪ್ರಯೋಜನವಿಲ್ಲ. ಕರೆಯುವ ತಂತ್ರಾಂಶವನ್ನೇ 32 ಬಿಟ್‌ಗೆ ಬದಲಿಸಬೇಕು ಅಥವಾ 64 ಬಿಟ್‌ನ ಬೇರೆ ಘಟಕ ಬಳಸಬೇಕು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 1998ರಲ್ಲಿ ಹೊರಬಂದ ವಿಶುಯಲ್ ಬೇಸಿಕ್ 6ರಲ್ಲಿ ಬರೆದ ತಂತ್ರಾಂಶಗಳಿಗೆ ಬೇಕಾದ ಮೂಲ ಡಿಎಲ್‌ಎಲ್ ವಿಂಡೋಸ್ 11ರಲ್ಲೂ ಇದೆ. ಆದರೆ ಅವು ಬಳಸುವ ಓಸಿಎಕ್ಸ್ ಘಟಕಗಳನ್ನು ತಂತ್ರಾಂಶದ ಸೆಟಪ್ಪೇ ತರಬೇಕು. ಹಳೆಯ ತಂತ್ರಾಂಶ ಅರ್ಧ ಎದ್ದು ಬೀಳುವುದಕ್ಕೆ ಇದೇ ಕಾರಣ. ಹಾಗಾಗಿ ಯಂತ್ರಗಳನ್ನು ಬದಲಿಸುವ ಮುನ್ನ ಹಳೆಯ ಸೆಟಪ್ ಕಡತಗಳನ್ನು ಜೋಪಾನವಾಗಿ ತೆಗೆದಿಡುವುದು ಜಾಣತನ.

ಸಂದೇಶವನ್ನು ಓದಿ

ದೋಷಸಂದೇಶ ಬಂದೊಡನೆ ಕಿಟಕಿ ಮುಚ್ಚುವುದು ನಮ್ಮ ಅಭ್ಯಾಸ. ಅದರಲ್ಲಿರುವ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

80040154: ಘಟಕದ ವರ್ಗ ನೋಂದಣಿಯಾಗಿಲ್ಲ. ನಮೂದು ಇಲ್ಲ, ಇಲ್ಲವೇ ಇನ್ನೊಂದು ಬಿಟ್ ಪಾಳಿಯಲ್ಲಿದೆ.

80070005: ಅನುಮತಿ ಇಲ್ಲ. ನಿರ್ವಾಹಕನಾಗಿ ಪ್ರಯತ್ನಿಸಿ.

429 ಮತ್ತು 339: ವಿಶುಯಲ್ ಬೇಸಿಕ್ ತಂತ್ರಾಂಶಗಳು ಕೊಡುವ ಸಂಖ್ಯೆಗಳು. 429 ಎಂದರೆ ಘಟಕವನ್ನು ಸೃಷ್ಟಿಸಲಾಗಲಿಲ್ಲ. 339 ಎಂದರೆ ಘಟಕ ಅಥವಾ ಅದರ ಅವಲಂಬಿತ ಕಡತ ಕಾಣೆಯಾಗಿದೆ ಇಲ್ಲವೇ ಸರಿಯಾಗಿ ನೋಂದಣಿಯಾಗಿಲ್ಲ.

'ಮಾಡ್ಯೂಲ್ ಸ್ಮೃತಿಗೆ ಬರಲಿಲ್ಲ': ಕಡತದ ವಿಳಾಸ ತಪ್ಪು, ಅಥವಾ ಅದು ಅವಲಂಬಿಸಿರುವ ಬೇರೊಂದು ಡಿಎಲ್‌ಎಲ್ ಇಲ್ಲ.

'ಸ್ಮೃತಿಗೆ ಬಂತು, ಆದರೆ ನೋಂದಣಿಯ ಉಪಕ್ರಮ ಸಿಗಲಿಲ್ಲ': ಇದು ನೋಂದಾಯಿಸಬೇಕಾದ ಬಗೆಯ ಡಿಎಲ್‌ಎಲ್ ಅಲ್ಲವೇ ಅಲ್ಲ. ವಿಶುಯಲ್ ಸಿ++ನ ಮೂಲ ಕಡತಗಳು ಈ ಜಾತಿಯವು. ಅವು ಕಾಣೆಯಾಗಿದ್ದರೆ ಮೈಕ್ರೋಸಾಫ್ಟ್ ಕೊಡುವ ಪೂರ್ಣ ಪೊಟ್ಟಣವನ್ನೇ ಅನುಸ್ಥಾಪಿಸಬೇಕು.

ಯಾವ ಸಂದರ್ಭದಲ್ಲೂ ಮೊದಲ ಪ್ರಯತ್ನ ತಂತ್ರಾಂಶದ ಮೂಲ ಸೆಟಪ್ಪನ್ನು ಮತ್ತೆ ನಡೆಸುವುದು ಅಥವಾ ಅದರ ದುರಸ್ತಿ ಆಯ್ಕೆಯನ್ನು ಬಳಸುವುದು. ಕೈಯಿಂದ ನೋಂದಾಯಿಸುವುದು ಅದಾದ ಮೇಲೆ, ಅದೂ ಮೂಲ ಸೆಟಪ್ಪಿನಿಂದ ಬಂದ ಕಡತವನ್ನು ಮಾತ್ರ.

ಮಾಡಿ ನೋಡಿ

ರಿಜಿಸ್ಟ್ರಿ ಸಂಪಾದಕವನ್ನು ತೆರೆಯಿರಿ. ಸ್ಟಾರ್ಟ್ ಪಟ್ಟಿಯಲ್ಲಿ ಅದರ ಹೆಸರಿನಿಂದ ಹುಡುಕಿದರೆ ಸಿಗುತ್ತದೆ. ಎಡಭಾಗದಲ್ಲಿ ಎಚ್‌ಕೀ ಕ್ಲಾಸಸ್ ರೂಟ್ ಎಂಬ ಕೊಂಬೆಯನ್ನು ಬಿಡಿಸಿ, 'ಸ್ಕ್ರಿಪ್ಟಿಂಗ್.ಡಿಕ್ಷನರಿ' ಎಂಬ ಹೆಸರಿಗೆ ಹೋಗಿ. ಅದರಡಿಯ ಸಿಎಲ್‌ಎಸ್‌ಐಡಿ ಉಪಕೀಲಿಯಲ್ಲಿ 32 ಅಂಕಿಗಳ ಸಂಖ್ಯೆ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ಈಗ ಅದೇ ಕೊಂಬೆಯಡಿ ನೇರವಾಗಿರುವ ಸಿಎಲ್‌ಎಸ್‌ಐಡಿ ಎಂಬ ದೊಡ್ಡ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ, ಇನ್‌ಪ್ರೋಕ್‌ಸರ್ವರ್32 ಉಪಕೀಲಿಯನ್ನು ನೋಡಿ. ಸಿಸ್ಟಮ್32 ಫೋಲ್ಡರಿನ ಎಸ್‌ಸಿಆರ್‌ಆರ್‌ಯುಎನ್.ಡಿಎಲ್‌ಎಲ್ ಎಂಬ ಕಡತದ ವಿಳಾಸ ಅಲ್ಲಿರುತ್ತದೆ. ಹೆಸರಿನಿಂದ ಸಂಖ್ಯೆಗೆ, ಸಂಖ್ಯೆಯಿಂದ ಕಡತಕ್ಕೆ ವಿಂಡೋಸ್ ಹೋಗುವ ದಾರಿಯನ್ನು ನೀವೇ ನಡೆದಂತಾಯಿತು. ಇಲ್ಲಿ ನೋಡಬೇಕೇ ವಿನಾ ಏನನ್ನೂ ಬದಲಿಸಬಾರದು, ಅಳಿಸಬಾರದು. ರಿಜಿಸ್ಟ್ರಿಯಲ್ಲಿ ಮಾಡಿದ ಬದಲಾವಣೆ ಆ ಕ್ಷಣವೇ ಜಾರಿಯಾಗುತ್ತದೆ, ಹಿಂದೆ ತಿರುಗಿಸುವ ಗುಂಡಿ ಅಲ್ಲಿಲ್ಲ.

ಈ ಚಟುವಟಿಕೆಯನ್ನು ತರಗತಿಯಲ್ಲಿ ಮಾಡಿಸಿದ ಬಳಿಕ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೊಡಬಹುದು: ನೀವು ಬರೆಯುವ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಮಾತ್ರ ನಡೆಯುತ್ತದೆಯೇ, ಇನ್ನೊಬ್ಬರದರಲ್ಲೂ ನಡೆಯುತ್ತದೆಯೇ? ಅದು ಯಾವ ಯಾವ ಘಟಕಗಳನ್ನು, ಯಾವ ಆವೃತ್ತಿಗಳನ್ನು, ಎಷ್ಟು ಬಿಟ್‌ಗಳ ವಿಂಡೋಸನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಬರೆಯಲು ಹೇಳಿ. ತಂತ್ರಾಂಶ ಬರೆದವರ ಯಂತ್ರದಲ್ಲಿ ಎಲ್ಲ ಘಟಕಗಳೂ ಮೊದಲೇ ನೋಂದಣಿಯಾಗಿರುವುದರಿಂದ ಈ ಪಟ್ಟಿಯ ಕೊರತೆ ಅವರಿಗೆ ಎಂದೂ ಕಾಣುವುದಿಲ್ಲ. ಅದು ಕಾಣುವುದು ಬಳಸುವವರಿಗೆ. ಆದ್ದರಿಂದ ಸೆಟಪ್ ಸಿದ್ಧಪಡಿಸಿದ ಮೇಲೆ ಬೇರೇನೂ ಹಾಕಿರದ ಹೊಸ ಯಂತ್ರವೊಂದರಲ್ಲಿ ಅದನ್ನು ನಡೆಸಿ ನೋಡುವುದನ್ನು ತಂತ್ರಾಂಶ ರಚನೆಯ ಕೊನೆಯ ಹಂತವಾಗಿ ಮೊದಲಿನಿಂದಲೇ ಕಲಿಸಬೇಕು.